ಹೇಳಿದಷ್ಟೇ ಮಾಡುವ ಟೀಚರು

ಅರವತ್ತೇಳನೆಯ ವಯಸ್ಸಿನಲ್ಲಿ ನಾನು ತರಗತಿಯ ಗೋಡೆಗೆ ಮೂಗು ತಾಗಿಸಿಕೊಂಡು ನಿಂತಿದ್ದೆ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬೇರೆಯವರಿಂದ ನಿಮಗೆ ತಿಳಿಯುವುದು ಬೇಡ. ಅದೇನೂ ಶಿಕ್ಷೆಯಲ್ಲ. ಹತ್ತನೆಯ ತರಗತಿಯ ಹುಡುಗನೊಬ್ಬ ಇಂಗ್ಲಿಷಿನಲ್ಲಿ 'ಗೋ ಸ್ಟ್ರೇಟ್' ಎಂದು ಅಪ್ಪಣೆ ಕೊಟ್ಟ. 'ಸ್ಟಾಪ್' ಎನ್ನುವುದು ಅವನಿಗೆ ಹೊಳೆಯಲಿಲ್ಲ. ನಾನು ಹೇಳಿದಷ್ಟೇ ಮಾಡುವವಳು. ನಡೆದೆ, ಗೋಡೆ ಬಂತು, ಮೂಗು ತಾಗಿತು, ಆದರೂ ಇದ್ದಲ್ಲೇ ಕಾಲು ಎತ್ತಿ ಇಡುತ್ತಲೇ ಇದ್ದೆ. ನಲವತ್ತೆರಡು ಮಕ್ಕಳು ಉಸಿರು ಬಿಗಿಹಿಡಿದು ನೋಡಿದರು. ಕೊನೆಗೆ ಹಿಂದಿನ ಬೆಂಚಿನ ಮೂವರು ಒಟ್ಟಿಗೆ 'ಸ್ಟಾಪ್ ರಿ' ಎಂದರು. ಆ ಶಬ್ದವನ್ನು ಆ ಮಕ್ಕಳು ಇನ್ನು ಮರೆಯಲಾರರು. ನನ್ನ ಮೂಗೂ ಮರೆಯಲಾರದು.

ನನ್ನನ್ನು ಬಲ್ಲವರು ಇದನ್ನು ನಂಬುವುದಿಲ್ಲ. ನಾನು ಹಾಸ್ಟೆಲ್ಲಿನ ಗಂಟೆಯ ಸದ್ದಿಗೆ ಬೆಳೆದವಳು. ಈಗಲೂ ಐದಕ್ಕೆ ಏಳುತ್ತೇನೆ, ಐದೂವರೆಗೆ ಸ್ನಾನ, ಆರಕ್ಕೆ ಚಹಾ, ಆರೂ ಹತ್ತಕ್ಕೆ ಕಪ್ಪು ತೊಳೆದು ಬೋರಲು. ನಮ್ಮ ಅಡುಗೆಮನೆಯ ಡಬ್ಬಿಗಳು ಎತ್ತರದ ಪ್ರಕಾರ ಸಾಲಾಗಿ ನಿಲ್ಲುತ್ತವೆ. ಬೆಲ್ಲದ ಡಬ್ಬಿ ತನ್ನ ಜಾಗ ಬಿಟ್ಟು ಕದಲಿದರೆ ನನಗೆ ಊಟ ಸೇರುವುದಿಲ್ಲ. ಕುಷ್ಟಗಿ, ಯಲಬುರ್ಗಾ, ಗಂಗಾವತಿ ಎಂದು ಮೂವತ್ತೈದು ವರ್ಷ ಇಂಗ್ಲಿಷ್ ಕಲಿಸಿದೆ. ಅಷ್ಟೂ ವರ್ಷ ಅಪ್ಪಣೆ ಕೊಡುವವಳು ನಾನು, ನಡೆಸುವವರು ಮಕ್ಕಳು. ಈಗ ಅದನ್ನು ತಿರುವಿ ಹಾಕಿದ್ದೇನೆ ಎಂದು ತಿಳಿದಾಗ ನನ್ನ ಯಜಮಾನರು ಪೇಪರು ಮಡಚಿಟ್ಟು ಒಂದು ಮಾತು ಅಂದರು: "ಮನ್ಯಾಗ ಒಬ್ರ ಮಾತೂ ಕೇಳೂದಿಲ್ಲ, ಸಾಲ್ಯಾಗ ನಲವತ್ತೆರಡು ಹುಡುಗ್ರ ಮಾತು ಕೇಳ್ತಿ. ನಾನೂ ಹತ್ತನೇ ಕ್ಲಾಸಿಗೆ ಹೆಸರ ಹಚ್ಚಲೇನು?" ವಯಸ್ಸು ಮೀರಿದೆ ಎಂದು ಹೇಳಿ ನಾನು ಅರ್ಜಿಯನ್ನು ತಿರಸ್ಕರಿಸಿದೆ.

ಕೊಪ್ಪಳದ ಅಂಚಿನ ಸರಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಮಾಸ್ತರರ ಹುದ್ದೆ ಖಾಲಿ ಬಿದ್ದಿತ್ತು. ಅಲ್ಲಿಯ ಹೆಡ್ಮಾಸ್ಟರ್ ಶರಣಪ್ಪ ಮೂವತ್ತು ವರ್ಷದ ಹಿಂದೆ ಕುಷ್ಟಗಿಯಲ್ಲಿ ನನ್ನ ವಿದ್ಯಾರ್ಥಿ. ಇಂದಿಗೂ ನಾನು ಆಫೀಸಿನ ಬಾಗಿಲಿಗೆ ಬಂದರೆ ಕುರ್ಚಿಯಿಂದ ಅರ್ಧ ಏಳುತ್ತಾನೆ; ಹೆಡ್ಮಾಸ್ಟರ್ ತಾನೇ ಎಂದು ನೆನಪಾಗಿ ಮತ್ತೆ ಕೂರುತ್ತಾನೆ. ಅವನು ಕರೆದ, ನಾನು ಹೋದೆ. ಸಂಬಳ ಬೇಡ, ಆದರೆ ನನ್ನ ತಾಸಿನಲ್ಲಿ ನನ್ನ ಪದ್ಧತಿಯೇ ನಡೆಯಬೇಕು ಎಂದೆ. ಅವನು ತಲೆಯಾಡಿಸಿದ. ಆ ಪದ್ಧತಿಯಲ್ಲಿ ಗೋಡೆಯೂ ಮೂಗೂ ಬರುತ್ತವೆ ಎಂದು ಪಾಪ ಅವನಿಗೇನು ಗೊತ್ತು.

ಹದಿಹರೆಯದ ಮಕ್ಕಳಿಗೆ ಇಂಗ್ಲಿಷನ್ನು ಚಟುವಟಿಕೆಯ ಮೂಲಕ ಕಲಿಸಬೇಕೆಂದು ಎಲ್ಲರೂ ಹೇಳುತ್ತಾರೆ. ನಾನೂ ಹೇಳುತ್ತೇನೆ. ಜಗಳವಿರುವುದು ಚಟುವಟಿಕೆ ಎಂದರೆ ಏನು ಎಂಬಲ್ಲಿ. ತರಬೇತಿಗಳಲ್ಲಿ ನಾನು ಬಣ್ಣದ ಕಾಗದ ಕತ್ತರಿಸಿದ್ದೇನೆ, ಚೆಂಡು ಎಸೆದಿದ್ದೇನೆ, ಐವತ್ತೈದನೆಯ ವಯಸ್ಸಿನಲ್ಲಿ ಇನ್ನೂ ಮೂವತ್ತು ಮಂದಿ ಮಾಸ್ತರರೊಂದಿಗೆ ವೃತ್ತಾಕಾರವಾಗಿ ನಿಂತು ಕಪ್ಪೆಯಂತೆ ಕುಪ್ಪಳಿಸಿದ್ದೇನೆ. ಇದನ್ನೆಲ್ಲ ತರಗತಿಯಲ್ಲಿ ಮಾಡಿಸಿ ಫೋಟೋ ತೆಗೆದು ಗ್ರೂಪಿಗೆ ಹಾಕಬೇಕು. ನಮ್ಮ ತರಗತಿಯ ಬಸವರಾಜನನ್ನೇ ನೋಡಿ: ರಜೆ ಬಂತೆಂದರೆ ಬೇವೂರಿನ ಹೊಲದಲ್ಲಿ ಎತ್ತು ಹೂಡಿ ಗಳೆ ಹೊಡೆಯುತ್ತಾನೆ, ಮೂಗಿನ ಕೆಳಗೆ ಮೀಸೆ ಮೂಡಿದೆ. ಅವನಿಗೆ ಕಪ್ಪೆಯಂತೆ ಕುಪ್ಪಳಿಸು ಎಂದರೆ ಕುಪ್ಪಳಿಸುತ್ತಾನೆ, ಏಕೆಂದರೆ ಒಳ್ಳೆಯ ಹುಡುಗ. ಆದರೆ ಮನಸ್ಸಿನೊಳಗೆ ನಮ್ಮನ್ನು ಕ್ಷಮಿಸುವುದಿಲ್ಲ.

ಇನ್ನೊಂದು ಮೋಸವಿದೆ. ಹಾಜರಿ ಪುಸ್ತಕದಲ್ಲಿ ತಂದೆಯ ಹೆಸರು ಬರೆದಿಟ್ಟುಕೊಂಡೇ 'ನಿನ್ನ ತಂದೆಯ ಹೆಸರೇನು' ಎಂದು ಇಂಗ್ಲಿಷಿನಲ್ಲಿ ಕೇಳುತ್ತೇವೆ. ಪುಸ್ತಕವನ್ನು ಕೈಯಲ್ಲಿ ಹಿಡಿದೇ 'ಇದು ಏನು' ಎನ್ನುತ್ತೇವೆ. ಗೊತ್ತಿರುವುದನ್ನೇ ಕೇಳುವವರು ನಮ್ಮ ಕಡೆ ಇಬ್ಬರೇ: ಪೊಲೀಸರು, ಮತ್ತು ಹೆಣ್ಣು ನೋಡಲು ಬಂದವರು. ಇಬ್ಬರೆದುರೂ ಮಕ್ಕಳು ಬಾಯಿ ಬಿಡುವುದಿಲ್ಲ. ನಮ್ಮೆದುರೂ ಬಿಡುವುದಿಲ್ಲ. ಆಮೇಲೆ ನಾವು ಸ್ಟಾಫ್ ರೂಮಿನಲ್ಲಿ ಕೂತು ಹಳ್ಳಿಯ ಮಕ್ಕಳಿಗೆ ಇಂಗ್ಲಿಷ್ ಬರುವುದಿಲ್ಲ ಎಂದು ಚಹಾ ಕುಡಿಯುತ್ತೇವೆ.

ನಮ್ಮವರು ಭಾಷೆ ಬರದ ಜನ ಅಲ್ಲವೇ ಅಲ್ಲ. ನಮ್ಮ ಅಜ್ಜ ನಿಜಾಮರ ಕಾಲದಲ್ಲಿ ಕಚೇರಿಯ ಜವಾನ. ಉರ್ದುವಿನ ಒಂದು ಅಕ್ಷರವೂ ತಿಳಿಯದೆ ಒಳಗೆ ಹೋದ. ದೌತಿ, ಅಂದರೆ ಮಸಿಕುಡಿಕೆ, ತಾ ಎಂದರೆ ಕಡತಗಳ ದಫ್ತರ ತಂದು ಬೈಸಿಕೊಂಡ. ಎರಡರ ವ್ಯತ್ಯಾಸವನ್ನು ಸಾಯುವವರೆಗೆ ನೆನಪಿಟ್ಟ. ಮುಪ್ಪಿನಲ್ಲಿ ಕನಸಿನಲ್ಲೂ ಉರ್ದುವಿನಲ್ಲಿ ಸಲಾಮು ಹೇಳುತ್ತಿದ್ದನಂತೆ. ಸಿದ್ದಾಪುರದ ಕಡೆ ಕಾಲುವೆ ನೀರು ಬಂದಾಗ ಗದ್ದೆಯಲ್ಲಿ ಸಸಿ ಹಚ್ಚುವ ಹೆಣ್ಣುಮಕ್ಕಳು ತೆಲುಗು ಕಲಿತರು. ಗದ್ದೆ ಕೊಳ್ಳಲು ಬಂದ ತೆಲುಗಿನ ಯಜಮಾನರು ಕನ್ನಡದ ಬೈಗುಳ ಕಲಿತರು. ಗಿಣಿಗೇರಾದಲ್ಲಿ ಚಹಾದಂಗಡಿಯ ಮುದುಕನೊಬ್ಬ ಕಾರ್ಖಾನೆಗೆ ಬರುವ ದೂರದ ಕೆಲಸಗಾರರ ಜತೆ ಅವರವರ ಮಾತಿನಲ್ಲೇ ಸಕ್ಕರೆ ಎಷ್ಟೆಂದು ಕೇಳುವುದನ್ನು ನಾನೇ ಕೇಳಿದ್ದೇನೆ. ಇವರಲ್ಲಿ ಯಾರಿಗೂ ಯಾರೂ ಬಣ್ಣದ ಚೆಂಡು ಎಸೆದಿರಲಿಲ್ಲ. ಕೆಲಸ ನಿಂತಿತ್ತು, ಮಾತು ಬೇಕಾಗಿತ್ತು, ಬಂತು. ನನ್ನ ಪಾಂಡಿತ್ಯವೆಲ್ಲ ಇಷ್ಟೇ.

ಹಾಗಾಗಿ ಒಂದು ಆಟ ಕಟ್ಟಿದೆ. ದಿನಕ್ಕೊಬ್ಬರು, ಹಾಜರಿ ನಂಬರಿನ ಪ್ರಕಾರ. ತಮಗೆ ಬರುವ, ನನಗೆ ಬಾರದ ಒಂದು ಕೆಲಸವನ್ನು ಇಂಗ್ಲಿಷಿನಲ್ಲಿ ನನಗೆ ಕಲಿಸಬೇಕು. ಕಲಿಸುವವರ ಕೈ ಬೆನ್ನ ಹಿಂದೆ, ತೋರಿಸುವಂತಿಲ್ಲ. ನಾನು ಹೇಳಿದಷ್ಟೇ ಮಾಡುತ್ತೇನೆ, ಹೇಳದ್ದನ್ನು ಮಾಡುವುದಿಲ್ಲ. ತಪ್ಪು ಇಂಗ್ಲಿಷನ್ನು ತಿದ್ದುವುದೂ ಇಲ್ಲ. ತಪ್ಪಿದ್ದರೆ ಕೆಲಸ ಕೆಡುತ್ತದೆ, ಕೆಟ್ಟ ಕೆಲಸವೇ ಮಾತನ್ನು ತಿದ್ದುತ್ತದೆ. ಬೇಕಾದ ಶಬ್ದ ಸಿಗದಿದ್ದರೆ ಗೆಳೆಯರನ್ನು ಕೇಳಬಹುದು, ಡಿಕ್ಷನರಿ ನೋಡಬಹುದು, ನನ್ನನ್ನು ಕೇಳುವಂತಿಲ್ಲ, ಏಕೆಂದರೆ ಆ ಹೊತ್ತಿನಲ್ಲಿ ನಾನು ದಡ್ಡಿ.

ಮೊದಲ ದಿನ ಆಟ ಶುರುವೇ ಆಗಲಿಲ್ಲ. ಅಪ್ಪಣೆ ಕೊಡಿ ಎಂದು ಕುರ್ಚಿಯಲ್ಲಿ ಕೂತೆ. ಎಲ್ಲರೂ ಚೀಲದೊಳಗೆ ಏನೋ ಹುಡುಕತೊಡಗಿದರು. ಇಂಗ್ಲಿಷಿನ ಕೊರತೆಯೆಂದು ನಾನು ತಿಳಿದೆ, ಅದಲ್ಲ. ಎಲ್ಲರಿಗಿಂತ ಹೆಚ್ಚು ಅಂಕ ತೆಗೆಯುವ ಸ್ನೇಹಾ ಎದ್ದು, ಟೀಚರಿಗೆ ಹಾಗೆಲ್ಲ ಅನ್ನಬಾರದು, ಪಾಪ ಬರುತ್ತದೆ ಎಂದಳು. ನಮ್ಮ ಕಡೆ ನಾಯಿಯನ್ನು ಓಡಿಸುವಾಗಲೂ ಬಾಯಿಗೆ 'ರಿ' ಬಂದುಬಿಡುತ್ತದೆ; ಇನ್ನು ಬಿಳಿಕೂದಲಿನ ಟೀಚರಿಗೆ ಬರೀ 'ಸಿಟ್' ಎನ್ನುವುದು ಹೇಗೆ? ಕೊನೆಗೆ ಬಸವರಾಜ ದಾರಿ ಹುಡುಕಿದ. 'ಸ್ಟ್ಯಾಂಡ್ ಅಪ್ ರಿ' ಎಂದ. ನಾನು ಎದ್ದೆ. ಅಲ್ಲಿಂದ ನಮ್ಮ ಇಂಗ್ಲಿಷು ಹಳಿಗೆ ಬಿತ್ತು. ಕಟ್ ರಿ, ಫೋಲ್ಡ್ ರಿ, ಸ್ಲೋ ರಿ. ಜಗತ್ತಿನಲ್ಲಿ ಎಷ್ಟೋ ಬಗೆಯ ಇಂಗ್ಲಿಷುಗಳಿವೆಯಂತೆ. ಕೊಪ್ಪಳದ್ದೂ ಒಂದಿರಲಿ, ಅದಕ್ಕೆ ಬಾಲವೂ ಇರಲಿ.

ಬಸವರಾಜ ನನಗೆ ರುಮಾಲು ಸುತ್ತುವುದನ್ನು ಕಲಿಸಿದ. ಮೊದಲ ಸಲ ಅದು ನನ್ನ ಕಣ್ಣು ಮುಚ್ಚಿತು, ಎರಡನೆಯ ಸಲ ಕುತ್ತಿಗೆಗೆ ಬಂತು, ಮೂರನೆಯ ಸಲ ತಲೆಯ ಮೇಲೆ ನಿಂತಿತು. ಅಷ್ಟರಲ್ಲಿ ಮೇಲೆ, ಕೆಳಗೆ, ಎಡಕ್ಕೆ, ಬಿಗಿ, ಸಡಿಲ, ಒಳಗೆ ಸಿಕ್ಕಿಸು ಎಂಬುದೆಲ್ಲ ಇಡೀ ತರಗತಿಗೆ ಇಂಗ್ಲಿಷಿನಲ್ಲಿ ಬಂದಿತ್ತು, ಏಕೆಂದರೆ ಎಲ್ಲರೂ ಕೂಗುತ್ತಿದ್ದರು. ಸ್ನೇಹಾ ಜೋಳದ ಹಿಟ್ಟಿನ ಮುದ್ದೆ ತಂದು ರೊಟ್ಟಿ ಬಡಿಯುವುದನ್ನು ಕಲಿಸಲು ನೋಡಿದಳು. ನನಗೆ ರೊಟ್ಟಿ ಬರುತ್ತದೆ ಎಂದು ವಾಪಸು ಕಳಿಸಿದೆ. ನಿಯಮವೆಂದರೆ ನಿಯಮ.

ಅರ್ಧ ವರ್ಷದ ಪರೀಕ್ಷೆಯ ನಂತರ ಶರಣಪ್ಪ ಒಂದು ಪಟ್ಟಿ ತಂದ. ಇಂಗ್ಲಿಷಿನಲ್ಲಿ ತೀರ ಕಡಿಮೆ ಅಂಕ ಬಂದ ಹನ್ನೊಂದು ಮಕ್ಕಳ ಹೆಸರು. ಇವರು ಇನ್ನು ನನ್ನ ತಾಸಿಗೆ ಬರುವುದು ಬೇಡ. ಪಕ್ಕದ ಕೋಣೆಯಲ್ಲಿ ಕೂತು, ಪಾಸಾಗಲು ಸಾಕಾಗುವ ಎರಡು ಪದ್ಯ, ಒಂದು ಪತ್ರ, ನಾಲ್ಕು ಉತ್ತರ, ಇಷ್ಟನ್ನೇ ಪರೀಕ್ಷೆಯವರೆಗೆ ಮತ್ತೆ ಮತ್ತೆ ಬರೆಯಲಿ ಎಂದ. ಅವನು ಕೆಟ್ಟವನಲ್ಲ. ಫಲಿತಾಂಶ ಇಳಿದರೆ ಮೀಟಿಂಗಿನಲ್ಲಿ ಅವನನ್ನು ಎಬ್ಬಿಸಿ ನಿಲ್ಲಿಸುತ್ತಾರೆ.

"ಟೀಚರ್ರಿ, ನಿಮ್ಮ ಆಟ ಭಾಳ ಛಲೋ ಐತ್ರಿ," ಎಂದ. "ಆದ್ರ ಪೇಪರ್ ತಿದ್ದಾವ್ರು ಆಟ ನೋಡೂದಿಲ್ರಿ."

"ನೀ ಹತ್ತನೇ ಕ್ಲಾಸಿನ್ಯಾಗ ಇಂಗ್ಲಿಷಿಗೆ ಎಷ್ಟು ತಗೊಂಡಿದ್ದಿ, ಹೇಳಲೇನು?"

"ಬ್ಯಾಡ್ರಿ," ಎಂದು ಅವನು ಬಾಗಿಲ ಕಡೆ ನೋಡಿದ. ಹೊರಗೆ ಜವಾನ ನಿಂತಿದ್ದ.

ಅಂಕದ ಪ್ರಕಾರ ಬರೆದ ಆ ಪಟ್ಟಿಯ ಕೊನೆಯ ಹೆಸರು ಶಂಕ್ರಮ್ಮನದು. ಹಾಜರಿ ನಂಬರು ಮೂವತ್ತನಾಲ್ಕು. ಕಿಟಕಿಯ ಪಕ್ಕ ಕೂರುತ್ತಾಳೆ, ಕೇಳಿದರೆ ತಲೆ ಬಗ್ಗಿಸುತ್ತಾಳೆ. ಅವರ ಓಣಿಯಲ್ಲಿ ಮನೆಮನೆಯಲ್ಲೂ ಕೂದಲಿನ ಕೆಲಸ. ಬಾಚಣಿಗೆಯಲ್ಲಿ ಸಿಕ್ಕ ಕೂದಲನ್ನು ಊರೂರಿನಿಂದ ಕೊಂಡು ತರುತ್ತಾರೆ. ಉಂಡೆ ಉಂಡೆಯಾಗಿ ಬಂದದ್ದನ್ನು ಹೆಣ್ಣುಮಕ್ಕಳು ಕೂತು ಒಂದೊಂದೇ ಎಳೆಯಾಗಿ ಬಿಡಿಸಿ, ಉದ್ದ ನೋಡಿ ಬೇರೆ ಮಾಡಿ ಕಟ್ಟುತ್ತಾರೆ. ಮುಂದೆ ಅದು ಯಾವುದೋ ದೇಶದಲ್ಲಿ ಯಾರದೋ ತಲೆಯ ಮೇಲೆ ವಿಗ್ ಆಗಿ ಕೂರುತ್ತದೆ. ಪಟ್ಟಿಯ ಸುದ್ದಿ ಶಂಕ್ರಮ್ಮನ ತಾಯಿಗೂ ತಲುಪಿತ್ತು. ಸಂಜೆ ಸಂತೆಚೀಲ ಹಿಡಿದು ಹೊರಟ ನನ್ನನ್ನು ಆಕೆ ಓಣಿಯ ಬಾಯಲ್ಲಿ ನಿಲ್ಲಿಸಿದಳು.

"ಬರದದ್ದನ್ನ ಮತ್ತ ಬರಕೋತ ಸಾಲ್ಯಾಗ ಕುಂದ್ರೂದಾದ್ರ, ಮನ್ಯಾಗ ಕುಂತು ಸಿಕ್ಕು ಬಿಡಸ್ಲಿ ಬಿಡ್ರಿ ಟೀಚರ. ಪಟ್ಟಿ ಹಾಕಿದ ದಿನಾನ ಮನಿಗೆ ಕರಕೊಂಡು ಹೋಗ್ತೀನಿ."

ಸಿಟ್ಟಿನ ಮಾತಲ್ಲ ಅದು. ಅಳತೆ ಮಾಡಿ ಆಡಿದ ಮಾತು. ಸೊಪ್ಪು ಕೊಳ್ಳುವುದನ್ನು ಮರೆತು ಮನೆಗೆ ಬಂದೆ. ನನ್ನ ವಾರದ ಪಟ್ಟಿಯಲ್ಲಿ ಬುಧವಾರ ಸೊಪ್ಪು. ಆ ಬುಧವಾರ ಬೇಳೆ ತಿಂದೆವು. ಯಜಮಾನರು ಕ್ಯಾಲೆಂಡರನ್ನೊಮ್ಮೆ ನನ್ನನ್ನೊಮ್ಮೆ ನೋಡಿ ಇನ್ನೊಂದು ಸೌಟು ಬೇಳೆ ಬಡಿಸಿಕೊಂಡರು.

ಆ ವಾರವೇ ಪಾಠ ನೋಡಲು ಶಿಕ್ಷಣ ಇಲಾಖೆಯ ಸಾಹೇಬರು ಬರುತ್ತಾರೆಂದು ಸುದ್ದಿ. ಶರಣಪ್ಪ ಪಟ್ಟಿಯನ್ನು ಅವರ ಭೇಟಿಯವರೆಗೆ ತಡೆದಿಟ್ಟ. ಅವರು ಸರಿ ಎಂದರೆ ಮರುದಿನವೇ ಜಾರಿ. ಆಮೇಲೆ ಆಟದ ಸರದಿ ಯಾರದೆಂದು ನೋಡಿದ. ಮೂವತ್ತನಾಲ್ಕು. ಅವನ ಮುಖ ಇಳಿಯಿತು. ಆ ಒಂದು ದಿನದ ಮಟ್ಟಿಗೆ ಹನ್ನೊಂದು ಮಂದಿಯನ್ನೂ ಪಕ್ಕದ ಕೋಣೆಯಲ್ಲಿ ಕೂರಿಸೋಣ, ಸ್ನೇಹಾಳನ್ನು ಮುಂದೆ ತರೋಣ ಎಂದು ಬೇಡಿಕೊಂಡ. ನಾನು ಒಪ್ಪಲಿಲ್ಲ. ಹುಟ್ಟಿದಾಗಿನಿಂದ ಸರದಿ ತಪ್ಪಿಸದೆ ಬದುಕಿದವಳು, ಸಾಹೇಬರು ಬಂದರೆಂದು ಮೂವತ್ತನಾಲ್ಕರ ಸರದಿಯನ್ನು ಸ್ನೇಹಾಳ ಏಳನೆಯ ನಂಬರಿಗೆ ಕೊಡಲೇ? ಶಿಸ್ತಿನವಳೆಂದು ನನ್ನನ್ನು ನೋಡಿ ನಕ್ಕವರು ಬಹಳ. ಶಿಸ್ತು ಎಷ್ಟು ಹಟಮಾರಿ ವಸ್ತುವೆಂದು ಅವರಿಗೆ ತಿಳಿಯದು.

ಸಾಹೇಬರು ಬಂದರು. ನನ್ನ ಮಗನ ವಯಸ್ಸು, ಇಸ್ತ್ರಿ ಮಾಡಿದ ಅಂಗಿ, ಹಿಂದಿನ ಬೆಂಚಿನಲ್ಲಿ ಮೊಣಕಾಲು ಹಿಡಿಸದೆ ಓರೆಯಾಗಿ ಕೂತರು. ಪಕ್ಕದಲ್ಲಿ ಶರಣಪ್ಪ. ಶಂಕ್ರಮ್ಮ ಪ್ಲಾಸ್ಟಿಕ್ ಚೀಲದಿಂದ ನಿಂಬೆಹಣ್ಣಿಗಿಂತ ದೊಡ್ಡದಾದ ಕೂದಲಿನ ಉಂಡೆ ಮತ್ತು ಒಂದು ದಪ್ಪ ಸೂಜಿ ತೆಗೆದು ಮೇಜಿನ ಮೇಲಿಟ್ಟಳು. ಯಾರೋ ಥೂ ಎಂದರು, ಯಾರೋ ನಕ್ಕರು. ಅವಳು ಕೈಯನ್ನು ಬೆನ್ನ ಹಿಂದೆ ಕಟ್ಟಿದಳು. ನಾನು ಉಂಡೆಯ ಮುಂದೆ ಕೂತೆ. ಅಪ್ಪಣೆಗೆ ಕಾದೆ.

ಒಂದು ನಿಮಿಷವಾಯಿತು. ತರಗತಿಯಲ್ಲಿ ಒಂದು ನಿಮಿಷ ಎಷ್ಟು ಉದ್ದವೆಂದು ಮಾಸ್ತರಿಕೆ ಮಾಡಿದವರಿಗೇ ಗೊತ್ತು. ಸಾಹೇಬರು ಗಡಿಯಾರ ನೋಡಿದರು. ಶರಣಪ್ಪ ಕೆಮ್ಮಿದ. ಎರಡು ನಿಮಿಷ. ಅವಳ ತುಟಿ ಅಲ್ಲಾಡುತ್ತಿತ್ತು, ಶಬ್ದ ಬರುತ್ತಿರಲಿಲ್ಲ. ನಾನು ಧೈರ್ಯವಾಗಿದ್ದೆ ಎಂದು ನಿಮಗೆ ಹೇಳಬಹುದು, ಸುಳ್ಳಾಗುತ್ತದೆ. ನನ್ನೊಳಗೆ ಗಂಟೆ ಬಾರಿಸುತ್ತಿತ್ತು. ಕೆಲಸ ಮುಂದಿದ್ದು ಕೈ ಸುಮ್ಮನಿರುವುದು ಈ ದೇಹಕ್ಕೆ ಅಭ್ಯಾಸವಿಲ್ಲ. ನಾನೇ ಮಾಡಿದ ನಿಯಮ ಮುರಿದು, ಯಾರೂ ಹೇಳದೆ, ನನ್ನ ಕೈ ತಾನಾಗಿ ಮುಂದೆ ಹೋಗಿ ಉಂಡೆಯಿಂದ ಹೊರಗೆ ಚಾಚಿದ್ದ ಒಂದು ಕುಚ್ಚನ್ನು ಹಿಡಿದು ಎಳೆಯಿತು.

ಚಟ್ ಎಂದು ನಾಲ್ಕು ಎಳೆ ಹರಿದವು.

"ನೋ ಪುಲ್!" ಎಂದಳು ಶಂಕ್ರಮ್ಮ. "ಹ್ಯಾಂಡ್ ಡೌನ್!"

ರಿ ಇರಲಿಲ್ಲ. ಇಡೀ ತರಗತಿ ಅದನ್ನು ಗಮನಿಸಿತು. ನಾನು ಕೈ ಕೆಳಗಿಟ್ಟೆ. ಹಾಸ್ಟೆಲ್ಲಿನ ವಾರ್ಡನ್ ಗದರಿದಾಗ ಇಟ್ಟ ಹಾಗೆ, ಅಷ್ಟೇ ಬೇಗ. ಅವಳ ಕಣ್ಣು ನನ್ನ ಮೇಲಿರಲಿಲ್ಲ. ಹರಿದ ಎಳೆಗಳ ಮೇಲಿತ್ತು. ಮನೆಯಲ್ಲಿ ತಂಗಿ ಹೀಗೆ ಎಳೆದಾಗ ಬರುವ ಸಿಟ್ಟೇ ಬಂದಿತ್ತು. ಆದರೆ ಈ ಕೋಣೆಯಲ್ಲಿ ಆ ಸಿಟ್ಟಿಗೆ ಇಂಗ್ಲಿಷ್ ಬಿಟ್ಟು ಬೇರೆ ಬಾಗಿಲಿರಲಿಲ್ಲ. 'ಯೂ ಹರ್ರಿ, ಹೇರ್ ಗೋ ಟೈಟ್' ಎಂದಳು. ಫಸ್ಟ್ ಲುಕ್ ಎಂದಳು. ನೋಡಿದೆ. ಹೊರಗಿನಿಂದ ಒಂದೇ ಎಳೆ ಹುಡುಕಬೇಕು, ಅದರ ತುದಿ ಸೂಜಿಯಿಂದ ಎತ್ತಬೇಕು, ಎಳೆಯಬಾರದು, ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸಬೇಕು. ಇದಕ್ಕೆಲ್ಲ ಅವಳ ಬಳಿ ಇದ್ದದ್ದು ಹತ್ತಿಪ್ಪತ್ತು ಇಂಗ್ಲಿಷ್ ಶಬ್ದ. 'ತುದಿ' ಸಿಗದೆ 'ಹೇರ್ ಲಾಸ್ಟ್' ಎಂದಳು. ನನ್ನ ಕೈಗೆ ಸರಿಯಾಗಿ ಅರ್ಥವಾಯಿತು. 'ಸಡಿಲ'ಕ್ಕೆ ಬಸವರಾಜ ರುಮಾಲಿನ ದಿನದ ಶಬ್ದವನ್ನು ಸಾಲ ಕೊಟ್ಟ. ಥೂ ಎಂದಿದ್ದ ಹುಡುಗಿಯೇ ಡಿಕ್ಷನರಿ ತಿರುವುತ್ತಿದ್ದಳು. ತಾಸಿನ ಗಂಟೆ ಹೊಡೆಯುವಷ್ಟರಲ್ಲಿ ಮೇಜಿನ ಮೇಲೆ ಒಂಬತ್ತು ಎಳೆ ಉದ್ದಕ್ಕೆ ಮಲಗಿದ್ದವು. ಅಷ್ಟು ಹೊತ್ತಿನಲ್ಲಿ ಅವರ ಮನೆಯಲ್ಲಿ ಒಂದು ಉಂಡೆಯೇ ಮುಗಿಯುತ್ತದಂತೆ. ಅವಳು ಅವನ್ನು ನೋಡಿ, ಬ್ಯಾಡ್ ವರ್ಕ್ ಎಂದಳು. ನ್ಯಾಯವಾದ ತೀರ್ಪು.

ಸಾಹೇಬರಿಗೆ ಕಣ್ಣು ತೆರೆಯಿತು, ಎದ್ದು ಚಪ್ಪಾಳೆ ತಟ್ಟಿದರು ಎಂದು ಬರೆಯಲು ನನಗೂ ಆಸೆ. ಹಾಗೇನೂ ಆಗಲಿಲ್ಲ. ಭೇಟಿಯ ಪುಸ್ತಕದಲ್ಲಿ ಅವರು ಚೆಂದದ ಅಕ್ಷರದಲ್ಲಿ ಬರೆದರು: ಬೋಧನೋಪಕರಣಗಳ ಕೊರತೆಯಿದೆ, ವಿದ್ಯಾರ್ಥಿಗಳ ದೋಷಗಳನ್ನು ತಿದ್ದುತ್ತಿಲ್ಲ, ಶಿಕ್ಷಕರೊಂದಿಗೆ ಗೌರವದಿಂದ ಮಾತಾಡುವುದನ್ನು ಕಲಿಸಬೇಕು, ಹಿಂದುಳಿದವರಿಗೆ ಪ್ರತ್ಯೇಕ ವ್ಯವಸ್ಥೆ ಆಗಬೇಕು. ಓದಿ ಸಹಿ ಮಾಡಿ ಎಂದು ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು. ಶಿಸ್ತಿನವಳು, ಓದಿದೆ. ಕೆಳಗೆ 'ಓದಿದ್ದೇನೆ, ಒಪ್ಪಿಲ್ಲ' ಎಂದು ಬರೆದು, ದಿನಾಂಕ ಹಾಕಿ, ಸಹಿ ಮಾಡಿದೆ. ಮೂವತ್ತೈದು ವರ್ಷದ ನೌಕರಿಯಲ್ಲಿ ಆ ಎರಡನೆಯ ಶಬ್ದವನ್ನು ನಾನು ಒಮ್ಮೆಯೂ ಬರೆದಿರಲಿಲ್ಲ. ಬರೆದ ಮೇಲೆ ಪೆನ್ನಿನ ಮುಚ್ಚಳ ಹಾಕಿದೆ. ಮುಚ್ಚಳ ಸರಿಯಾಗಿಯೇ ಕೂತಿತು.

ಮರುದಿನ ನನ್ನ ತಾಸಿನ ಆರಂಭಕ್ಕೆ ಶರಣಪ್ಪ ಪಟ್ಟಿ ಹಿಡಿದು ಬಾಗಿಲಲ್ಲಿ ನಿಂತ. ನಾನು ಹೊಸ್ತಿಲಲ್ಲೇ ನಿಂತೆ. ಇವರಲ್ಲಿ ಒಬ್ಬರು ಹೋದರೂ ನಾನೂ ಅವರ ಜತೆ ಪಕ್ಕದ ಕೋಣೆಗೇ ಹೋಗುತ್ತೇನೆ, ಈ ಮೂವತ್ತೊಂದನ್ನು ನೀನೇ ನೋಡಿಕೋ ಎಂದು ಮೆಲ್ಲಗೆ ಹೇಳಿದೆ. ಅವನು ನನ್ನ ಹೆಗಲ ಮೇಲಿಂದ ಪಟ್ಟಿ ಓದತೊಡಗಿದ. ಒಬ್ಬೊಬ್ಬರಾಗಿ ಎದ್ದು ಚೀಲ ಎತ್ತಿಕೊಂಡರು. ಕರೆದಾಗ ಏಳುವುದನ್ನು ನಾವೇ ತಾನೆ ಕಲಿಸಿದ್ದೇವೆ. ಹತ್ತು ಮಂದಿ ನಿಂತರು. ಶಂಕ್ರಮ್ಮನ ಹೆಸರು ಬಂತು. ಅವಳೂ ಎದ್ದಳು, ಆದರೆ ಚೀಲ ಬೆಂಚಿನ ಮೇಲೆಯೇ ಇತ್ತು.

"ಸರ, ನಾ ಹೋಗಾಕ ಬರೂದಿಲ್ರಿ," ಎಂದಳು. "ಟೀಚರ್ಗೆ ಇನ್ನಾ ಬಂದಿಲ್ಲ. ಉಂಡಿ ಹಂಗ ಉಳದೈತ್ರಿ."

ಶರಣಪ್ಪ ಮೇಜಿನ ಮೇಲಿದ್ದ ಉಂಡೆಯನ್ನು ನೋಡಿದ, ನನ್ನನ್ನು ನೋಡಿದ. ಹೆಡ್ಮಾಸ್ಟರನಾಗಿ ಅವನಿಗೆ ಏನೇನೋ ಹೇಳಲು ಬರುತ್ತಿತ್ತು. ಆದರೆ ಅವನ ಬಾಯಿಂದ ಬಂದದ್ದು, "ಎಷ್ಟು ದಿನಾ ಬೇಕವಾ?"

"ಟೀಚರ್ ಕೈ ಭಾಳ ಜೋರ ಅದಾವ್ರಿ," ಎಂದಳು ಅವಳು, ನನ್ನ ಕಡೆ ಕನಿಕರದಿಂದ ನೋಡುತ್ತ. "ಪರೀಕ್ಷಾ ತನಕಾರ ಬೇಕ್ರಿ."

ನಿಂತಿದ್ದ ಹತ್ತು ಮಂದಿಯಲ್ಲಿ ಒಬ್ಬ, ತಾನು ಟೀಚರಿಗೆ ಸೈಕಲ್ ಪಂಕ್ಚರ್ ತೆಗೆಯುವುದನ್ನು ಕಲಿಸುವುದಿದೆ, ತನ್ನ ಸರದಿ ಮುಂದಿನ ವಾರ ಎಂದ. ಇನ್ನೊಬ್ಬಳು ತನ್ನದೂ ಇದೆ ಎಂದಳು. ಚೀಲಗಳು ಒಂದೊಂದಾಗಿ ಬೆಂಚಿನ ಮೇಲೆ ಇಳಿದವು. ಶರಣಪ್ಪ ಪಟ್ಟಿಯನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡ. ಹರಿಯಲಿಲ್ಲ, ಅದನ್ನೂ ಹೇಳಿಬಿಡಬೇಕು. ಫಲಿತಾಂಶ ಬಂದ ದಿನ ಅದು ಜೇಬಿನಿಂದ ಹೊರಗೆ ಬಂದೀತು. ಬರಲಿ.

ಈ ಮಕ್ಕಳು ಪಾಸಾಗುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ಪದ್ಯವನ್ನೂ ಪತ್ರವನ್ನೂ ಸಂಜೆ ನಾಲ್ಕೂವರೆಯಿಂದ ಐದೂಕಾಲಿನವರೆಗೆ ಬರೆಸುತ್ತೇನೆ, ಒಂದು ನಿಮಿಷ ಆಚೀಚೆ ಇಲ್ಲ. ಅದು ಅವರ ಪರೀಕ್ಷೆಗೆ. ಹಗಲಿನ ತಾಸು ನನ್ನದು. ಪಟ್ಟಿ ಮಾಡುವವರು ಮುಂದಿನ ಸಲ ಬಂದಾಗ ತೀರ ಹಿಂದುಳಿದವರು ಯಾರೆಂದು ನಲವತ್ತೆರಡು ಮಕ್ಕಳನ್ನೂ ಕೇಳಲಿ. ಎಲ್ಲರೂ ಒಂದೇ ಹೆಸರು ಹೇಳುತ್ತಾರೆ, ನನ್ನದು. ನನ್ನನ್ನು ಹೊರಗೆ ಕೂರಿಸುವ ಮಾತು ಆ ತರಗತಿಯಲ್ಲಿ ಇದುವರೆಗೆ ಯಾರೂ ಎತ್ತಿಲ್ಲ.